ಕೂತ ಬ್ಯಾಟರಿಯನ್ನು ಎಬ್ಬಿಸುವುದು: ಪಂಪು, ಇನ್ವರ್ಟರ್, ಪೆನ್ಸಿಲ್ ಸೆಲ್

(ಕಲಬುರಗಿಯಲ್ಲಿ ರೈತರು ಮತ್ತು ಮನೆ ಬಳಕೆದಾರರ ಮುಂದೆ ಆಡಿದ ಮಾತಿನ ಬರಹ ರೂಪ)

ತೊಗರಿಗೆ ಕೊನೆಯ ಸಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಬ್ಯಾಟರಿ ಪಂಪು ಎಲ್ಲಿಗೆ ಹೋಗುತ್ತದೆ, ಹೇಳಿರಿ? ತೊಳೆದು ಪತ್ರಾಸಿನ ಶೆಡ್ಡಿನಲ್ಲಿ ನೇತುಹಾಕುತ್ತೇವೆ. ಮತ್ತೆ ಕೆಳಗಿಳಿಸುವುದು ಮುಂದಿನ ಮಳೆಗಾಲಕ್ಕೆ. ಆಗ ಚಾರ್ಜರ್ ಹಚ್ಚಿದರೆ ಅರ್ಧ ಗಂಟೆಯಲ್ಲೇ ಹಸಿರು ದೀಪ ಬರುತ್ತದೆ. ಹೊಲಕ್ಕೆ ಹೋಗಿ ಒಂದು ಟ್ಯಾಂಕು ಹೊಡೆಯುವಷ್ಟರಲ್ಲಿ ಪಂಪು ನಿಂತುಬಿಡುತ್ತದೆ. "ಬ್ಯಾಟರಿ ಕೂತಿದೆ" ಎಂದು ಅದನ್ನು ಗುಜರಿಗೆ ಹಾಕಿ ಹೊಸದು ತರುತ್ತೇವೆ.

ಆ ಹಸಿರು ದೀಪವನ್ನು ನೆನಪಿಡಿರಿ. ಬ್ಯಾಟರಿ ತುಂಬಿದೆ ಎಂದು ಅದರ ಅರ್ಥವಾಗಿರಲಿಲ್ಲ. ಕರೆಂಟು ಒಳಗೆ ಹೋಗುತ್ತಿಲ್ಲ ಎಂದು ಚಾರ್ಜರ್ ಹೇಳುತ್ತಿತ್ತು. ತುಂಬಿದ ಬ್ಯಾಟರಿಯೂ ಕರೆಂಟು ತೆಗೆದುಕೊಳ್ಳುವುದಿಲ್ಲ, ಒಳಗೆ ಹರಳುಗಟ್ಟಿ ಕೆಟ್ಟ ಬ್ಯಾಟರಿಯೂ ತೆಗೆದುಕೊಳ್ಳುವುದಿಲ್ಲ. ಅಗ್ಗದ ಚಾರ್ಜರಿಗೆ ಇವೆರಡರ ವ್ಯತ್ಯಾಸ ತಿಳಿಯದು.

ಒಳಗೆ ನಡೆಯುವುದು ಇಷ್ಟು. ಪಂಪಿನಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್, 8 ಎಎಚ್‌ನ ಸೀಸದ ಬ್ಯಾಟರಿ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಬ್ಯಾಟರಿಯಲ್ಲಿ ಆರು ಕೋಣೆಗಳು, ಒಂದೊಂದೂ ಸುಮಾರು 2 ವೋಲ್ಟ್. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಬ್ಯಾಟರಿಯಲ್ಲಿದ್ದ ರಸಾಯನವೇ ಇಂದಿಗೂ ಇದರಲ್ಲಿದೆ. ಬ್ಯಾಟರಿ ಖಾಲಿಯಾಗುವಾಗ ಆ್ಯಸಿಡ್‌ನಲ್ಲಿರುವ ಸಲ್ಫೇಟ್ ಪ್ಲೇಟುಗಳಿಗೆ ಹೋಗಿ ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆ್ಯಸಿಡ್‌ಗೆ ಬರುತ್ತದೆ. ಹೊಸದಾಗಿ ಕೂತ ಸಲ್ಫೇಟ್ ಬಹಳ ಸಣ್ಣ ಹರಳು, ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ಸೇರಿ ದೊಡ್ಡದಾಗುತ್ತವೆ, ಡಬ್ಬಿಯಲ್ಲಿ ತೇವ ಹಿಡಿದು ಒಣಗಿದ ಉಪ್ಪು ಗಟ್ಟಿಯಾದ ಹಾಗೆ. ದೊಡ್ಡ ಹರಳು ಕರೆಂಟನ್ನು ಬಿಡುವುದಿಲ್ಲ, ಬೇಗ ಕರಗುವುದೂ ಇಲ್ಲ. ಇದನ್ನೇ ಸಲ್ಫೇಶನ್ ಎನ್ನುತ್ತಾರೆ. ನಮ್ಮ ಕಡೆ ಪಂಪಿನ ಬ್ಯಾಟರಿಗಳು ಬಳಸಿ ಸವೆಯುವುದಕ್ಕಿಂತ ಹೆಚ್ಚಾಗಿ ಹೀಗೆ ಖಾಲಿ ಇಟ್ಟೇ ಹಾಳಾಗುತ್ತವೆ.

ಇದರ ಮೇಲೆ ನಮ್ಮ ಬಿಸಿಲು. ಈ ಬ್ಯಾಟರಿ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ ತಿಂಗಳಿಗೆ ನೂರಕ್ಕೆ ಸುಮಾರು 3 ಭಾಗ, ಪ್ರತಿ 10 ಡಿಗ್ರಿ ಏರಿಕೆಗೆ ಅದರ ದುಪ್ಪಟ್ಟು ಎಂದು ಲೆಕ್ಕ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುತ್ತದೆ, ಪತ್ರಾಸಿನ ಕೆಳಗೆ ಅದಕ್ಕೂ ಹೆಚ್ಚು. ಅಂದರೆ ತಿಂಗಳಿಗೆ ನೂರಕ್ಕೆ ಹತ್ತರಷ್ಟು ತಾನೇ ಸೋರಿಹೋಗುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಜನವರಿಯಲ್ಲಿ ಇಟ್ಟರೆ ಜೂನ್ ಹೊತ್ತಿಗೆ ಅದು ಪೂರ್ತಿ ಬರಿದಾಗಿ ಹರಳುಗಟ್ಟಿರುತ್ತದೆ. ಪಂಪಿನ ಮೇಲೆ ವೋಲ್ಟ್ ತೋರಿಸುವ ಪುಟ್ಟ ಮೀಟರ್, ಮೊಬೈಲ್ ಚಾರ್ಜ್ ಮಾಡುವ ಕಿಂಡಿ ಇದ್ದರೆ ಅವೂ ಸ್ವಲ್ಪ ಸ್ವಲ್ಪ ಎಳೆಯುತ್ತಿರಬಹುದು. ಆದ್ದರಿಂದ ಇಡುವ ಮುಂಚೆ ಬ್ಯಾಟರಿಯ ಒಂದು ವೈರನ್ನು ಬಿಚ್ಚಿಬಿಡಿರಿ.

ಮೊದಲು ಅಳೆಯಿರಿ

ಎಬ್ಬಿಸುವ ಕೆಲಸಕ್ಕೆ ಇಳಿಯುವ ಮುಂಚೆ ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ದೊಡ್ಡದೇನೂ ಬೇಡ, ಡಿಸಿ 20 ವೋಲ್ಟ್ ರೇಂಜ್ ಮತ್ತು 10 ಆಂಪಿಯರ್ ಕಿಂಡಿ ಇದ್ದರೆ ಸಾಕು. ಅದಿಲ್ಲದೆ ಮಾಡುವ ಎಲ್ಲ ಕೆಲಸವೂ ಕತ್ತಲಲ್ಲಿ ಕೈಯಾಡಿಸುವುದೇ.

ಬ್ಯಾಟರಿಯನ್ನು ಪಂಪಿನಿಂದ ಹೊರಗೆ ತೆಗೆದು ಮೊದಲು ಕಣ್ಣಿನಿಂದ ನೋಡಿರಿ. ಹೊಟ್ಟೆ ಉಬ್ಬಿದ್ದರೆ, ಮೈ ಬಿರಿದಿದ್ದರೆ, ಆ್ಯಸಿಡ್ ಸೋರಿದ್ದರೆ ಅದನ್ನು ಎಬ್ಬಿಸುವ ಆಸೆ ಬಿಡಿರಿ. ಆಮೇಲೆ ವೋಲ್ಟ್ ನೋಡಿರಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ ಹಚ್ಚಿದಾಗಲೂ ಮೈನಸ್ ಗುರುತು ಬಂದರೆ ಬ್ಯಾಟರಿ ಉಲ್ಟಾ ಆಗಿದೆ. ಅದೂ ಗುಜರಿಗೆ.

ಚಾರ್ಜ್ ಮಾಡಿ 12 ಗಂಟೆ ಸುಮ್ಮನೆ ಇಟ್ಟ ಮೇಲೆ 12.8 ವೋಲ್ಟ್ ಇದ್ದರೆ ತುಂಬಿದೆ. 12.2ಕ್ಕೆ ಹೆಚ್ಚುಕಡಿಮೆ ಅರ್ಧ. 11.8ಕ್ಕೆ ಖಾಲಿ. ಚಾರ್ಜರ್ ಕಿತ್ತ ಕೂಡಲೇ ಅಳೆದರೆ 13ಕ್ಕಿಂತ ಮೇಲೆ ತೋರಿಸಿ ಮೋಸ ಮಾಡುತ್ತದೆ, ಅದು ಪ್ಲೇಟಿನ ಮೇಲ್ಮೈಯ ವೋಲ್ಟ್ ಮಾತ್ರ.

10.5 ವೋಲ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಿಂದ ನಿಮ್ಮ ಎಷ್ಟೋ ಶ್ರಮ ಉಳಿಯುತ್ತದೆ. ರಾತ್ರಿಯಿಡೀ ಚಾರ್ಜ್ ಮಾಡಿದರೂ, ಕಿತ್ತ ಮೇಲೆ ಬ್ಯಾಟರಿ 10.5ರ ಆಸುಪಾಸಿಗೆ ಬಂದು ನಿಂತರೆ ಆರರಲ್ಲಿ ಒಂದು ಕೋಣೆ ಒಳಗೇ ಶಾರ್ಟ್ ಆಗಿದೆ. 12.6ರಲ್ಲಿ 2.1 ಕಳೆದರೆ 10.5 ತಾನೆ? ಪ್ಲೇಟಿನಿಂದ ಉದುರಿದ ಪುಡಿಯೋ ಬೆಳೆದ ಸೀಸದ ಎಳೆಯೋ ಎರಡು ಪ್ಲೇಟನ್ನು ಕೂಡಿಸಿಬಿಟ್ಟಿರುತ್ತದೆ. ಇದಕ್ಕೆ ಮದ್ದಿಲ್ಲ. ಉಳಿದ ಐದು ಕೋಣೆಗಳಿಗೆ ಆರರ ವೋಲ್ಟ್ ಬಿದ್ದು ಅವೂ ಕುದಿಯುತ್ತವೆ.

ಇನ್ನೊಂದು ಬಗೆ: ಸುಮ್ಮನೆ ಇದ್ದಾಗ 12.6 ತೋರಿಸುತ್ತದೆ, ಒಂದು ಬಲ್ಬು ಹಚ್ಚಿದ ಕೂಡಲೇ 8ಕ್ಕೆ ಬೀಳುತ್ತದೆ. ಇದು ಒಳಗಿನ ಜೋಡಣೆ ತುಂಡಾಗಿರುವುದು, ಇಲ್ಲವೇ ಒಣಗಿರುವುದು, ಇಲ್ಲವೇ ಹರಳುಗಟ್ಟಿರುವುದು. ಚಾರ್ಜಿಗೆ ಹಚ್ಚಿದ ಕೂಡಲೇ ವೋಲ್ಟ್ 15 ದಾಟಿ ಕರೆಂಟು ಸೊನ್ನೆಯ ಹತ್ತಿರ ಇದ್ದರೆ ಹರಳು ಅಥವಾ ಒಣಗುವಿಕೆ. ನಾಲ್ಕೋ ಏಳೋ ವೋಲ್ಟ್ ಇದ್ದು, ಖಾಲಿ ಬಿದ್ದು ಕೆಲವೇ ತಿಂಗಳಾಗಿದ್ದರೆ ಪ್ರಯತ್ನ ಮಾಡಬಹುದು. ಒಂದು ವರ್ಷ ಹಾಗೇ ಬಿದ್ದಿದ್ದರೆ ಅರ್ಧ ಸಾಮರ್ಥ್ಯ ವಾಪಸ್ ಬರುವುದೂ ಅಪರೂಪ.

ಚಾರ್ಜರ್ ಒಪ್ಪದಿದ್ದರೆ

ಈಗಿನ ಬುದ್ಧಿವಂತ ಚಾರ್ಜರುಗಳು ತೀರ ಇಳಿದ ಬ್ಯಾಟರಿಯನ್ನು ಬ್ಯಾಟರಿ ಎಂದೇ ಒಪ್ಪುವುದಿಲ್ಲ. ಅದಕ್ಕೆ ಸರಳ ಉಪಾಯವಿದೆ. ಒಂದು ಒಳ್ಳೆಯ 12 ವೋಲ್ಟ್ ಬ್ಯಾಟರಿ ತನ್ನಿರಿ. ಮೈನಸ್‌ಗೆ ಮೈನಸ್ ಜೋಡಿಸಿ, ಪ್ಲಸ್‌ಗೆ ಪ್ಲಸ್ ಜೋಡಿಸುವಾಗ ನಡುವೆ ಗಾಡಿಯ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬು ಹಾಕಿರಿ. ಬಲ್ಬು ಇದ್ದರೆ ಕರೆಂಟು ಎರಡು ಆಂಪಿಯರ್ ಮೀರುವುದಿಲ್ಲ. ಅರ್ಧ-ಮುಕ್ಕಾಲು ಗಂಟೆಯಲ್ಲಿ ಇಳಿದ ಬ್ಯಾಟರಿ 11 ವೋಲ್ಟ್ ದಾಟಿದರೆ ಬಿಡಿಸಿ ಚಾರ್ಜರಿಗೆ ಹಚ್ಚಿರಿ, ಈಗ ಒಪ್ಪುತ್ತದೆ.

ಬಲ್ಬಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಗೋಡೆಯ 230 ವೋಲ್ಟಿನಿಂದ ನೇರವಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ), ಒಂದು ನೂರು ವ್ಯಾಟ್ ಬಲ್ಬು ಹಾಕಿ ಬ್ಯಾಟರಿ ಚಾರ್ಜ್ ಮಾಡುವ ಪದ್ಧತಿ ಕೆಲವು ಕಡೆ ಇದೆ. ಕರೆಂಟೇನೋ ಅರ್ಧ ಆಂಪಿಯರ್ ಒಳಗೇ ಇರುತ್ತದೆ. ಆದರೆ ಬ್ಯಾಟರಿಯ ಎರಡೂ ತುದಿ ಮೇನ್ಸ್ ಲೈನಿಗೆ ಸೇರಿರುತ್ತವೆ. ಒದ್ದೆ ಕಾಲಲ್ಲಿ ಮುಟ್ಟಿದವರು ಉಳಿಯುವುದಿಲ್ಲ. ದಯವಿಟ್ಟು ಇದನ್ನು ಯಾರೂ ಮಾಡಬೇಡಿರಿ, ಮಾಡುವವರನ್ನು ಕಂಡರೆ ನಿಲ್ಲಿಸಿರಿ.

ಅದರ ಬದಲು ಮನೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ತೆಗೆದುಕೊಳ್ಳಿರಿ. ಅದಕ್ಕೆ ಎಕ್ಸ್‌ಎಲ್ 4015 ಎಂಬ ಚಿಪ್ ಇರುವ ಸಣ್ಣ ಬೋರ್ಡು ಸೇರಿಸಿರಿ. ವೋಲ್ಟಿಗೆ ಒಂದು, ಕರೆಂಟಿಗೆ ಒಂದು, ಹೀಗೆ ಎರಡು ತಿರುಪು ಇರುವ ಬೋರ್ಡನ್ನೇ ಕೇಳಿ ತನ್ನಿರಿ, ಒಂದೇ ತಿರುಪಿನದು ಬೇಡ. ಹೊರಹೋಗುವ ಪ್ಲಸ್ ವೈರಿಗೆ 1ಎನ್5822 ಡಯೋಡ್, ಬೆಳ್ಳಿ ಗೆರೆ ಬ್ಯಾಟರಿಯ ಕಡೆ ಇರುವಂತೆ. ಇದಿಲ್ಲದಿದ್ದರೆ ಕರೆಂಟು ಹೋದಾಗ ಬ್ಯಾಟರಿಯೇ ತಿರುಗಿ ಬೋರ್ಡಿನ ಕಡೆ ಹರಿದು ಖಾಲಿಯಾಗುತ್ತದೆ. ಅದರ ಮುಂದೆ 3 ಆಂಪಿಯರ್ ಫ್ಯೂಸ್.

ಹೊಂದಿಸುವುದು ಹೀಗೆ. ಬ್ಯಾಟರಿ ಹಚ್ಚದೆ ವೋಲ್ಟಿನ ತಿರುಪನ್ನು ಬೇಕಾದ ಸಂಖ್ಯೆಗೆ ತನ್ನಿರಿ. ಡಯೋಡ್ ಕೆಲಸ ಮಾಡುವಾಗ ಮೂರ್ನಾಲ್ಕು ದಶಾಂಶ ವೋಲ್ಟ್ ತಿನ್ನುತ್ತದೆ, ಆದ್ದರಿಂದ ಕೊನೆಯ ಹೊಂದಾಣಿಕೆಯನ್ನು ಬ್ಯಾಟರಿಯ ತುದಿಯಲ್ಲೇ ಅಳೆದು ಮಾಡಿರಿ. ಕರೆಂಟಿಗೆ, ಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು ಬೋರ್ಡಿನ ಹೊರತುದಿಗಳ ನಡುವೆ ಹಚ್ಚಿ, ಎರಡನೆಯ ತಿರುಪನ್ನು ತಿರುಗಿಸಿ 0.2 ಆಂಪಿಯರಿಗೆ ನಿಲ್ಲಿಸಿರಿ. ಕೆಲಸವಾದ ಮೇಲೆ ಮೀಟರಿನ ಕಡ್ಡಿಯನ್ನು ವೋಲ್ಟ್ ಕಿಂಡಿಗೆ ಬದಲಿಸುವುದನ್ನು ಮರೆಯಬೇಡಿರಿ. ಆಂಪಿಯರ್ ಕಿಂಡಿಯಲ್ಲೇ ಇಟ್ಟು ಬ್ಯಾಟರಿಯ ವೋಲ್ಟ್ ಅಳೆಯಲು ಹೋದರೆ ಅದು ನೇರ ಶಾರ್ಟ್.

ಮೊದಲ ಹಂತ, ಹರಳನ್ನು ಸಡಿಲಿಸುವುದು. ವೋಲ್ಟ್ 15.5, ಕರೆಂಟು 0.2 ಆಂಪಿಯರ್. 16 ವೋಲ್ಟ್ ಮೀರಬೇಡಿರಿ. ಆರಂಭದಲ್ಲಿ ಕರೆಂಟು ಹತ್ತಿಪ್ಪತ್ತು ಮಿಲಿಆಂಪಿಯರ್ ಇದ್ದರೆ ಗಾಬರಿ ಬೇಡ, ಹಾಗೇ ಬಿಡಿರಿ. ಹರಳು ಕರಗಿದಷ್ಟೂ ದಾರಿ ತೆರೆಯುತ್ತದೆ. ಕೆಲವು ಗಂಟೆಗಳಲ್ಲಿ ಕರೆಂಟು ನಿಧಾನವಾಗಿ ಏರಿ 0.2ಕ್ಕೆ ಮುಟ್ಟುತ್ತದೆ, ವೋಲ್ಟ್ ತಾನಾಗಿ 12-13ಕ್ಕೆ ಇಳಿಯುತ್ತದೆ. ಈ ಇಳಿತವೇ ಬ್ಯಾಟರಿ ಎದ್ದಿತು ಎಂಬುದಕ್ಕೆ ಸಾಕ್ಷಿ. ಒಂದು ಹಗಲು ಒಂದು ರಾತ್ರಿ ಕಳೆದರೂ 0.1 ಆಂಪಿಯರ್ ಮುಟ್ಟದಿದ್ದರೆ ನಿಲ್ಲಿಸಿರಿ. ಒಣಗಿದೆಯೋ ಎಂದು ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹಂತ, ತುಂಬುವುದು. ವೋಲ್ಟನ್ನು 14.7ಕ್ಕೆ ಇಳಿಸಿ ಕರೆಂಟನ್ನು 0.8 ಆಂಪಿಯರಿಗೆ ಏರಿಸಿರಿ. 8 ಎಎಚ್ ಬ್ಯಾಟರಿಗೆ ಹತ್ತನೆಯ ಒಂದು ಪಾಲು, ಇದು ಸುರಕ್ಷಿತ ಕರೆಂಟು. ಬೇಸಿಗೆಯಾದರೆ 14.4 ಸಾಕು. ಸೀಸದ ಬ್ಯಾಟರಿಗೆ 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ 18 ಮಿಲಿವೋಲ್ಟ್ ಕಡಿಮೆ ಮಾಡಬೇಕೆಂಬುದು ನಿಯಮ, 42 ಡಿಗ್ರಿಗೆ ಅದು 0.3 ವೋಲ್ಟ್ ಆಗುತ್ತದೆ. ಕರೆಂಟು ತಾನಾಗಿ 0.1 ಆಂಪಿಯರಿಗಿಂತ ಕೆಳಗಿಳಿದರೆ ತುಂಬಿತು ಎಂದರ್ಥ. 12ರಿಂದ 16 ಗಂಟೆ ಹಿಡಿಯುತ್ತದೆ. ನಡುನಡುವೆ ಕೈಯಿಂದ ಮುಟ್ಟಿ ನೋಡಿರಿ. ಉಗುರು ಬೆಚ್ಚಗಿರುವುದಕ್ಕಿಂತ ಹೆಚ್ಚು ಬಿಸಿಯಾದರೆ ಕಿತ್ತುಬಿಡಿರಿ. ಬಿಸಿಯಾದ ಬ್ಯಾಟರಿ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಕರೆಂಟು ಇನ್ನೂ ಬಿಸಿ ಮಾಡುತ್ತದೆ, ಕೊನೆಗೆ ಪೆಟ್ಟಿಗೆ ಉಬ್ಬುತ್ತದೆ.

ಮೂರನೆಯದು ಪರೀಕ್ಷೆ, ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. 12 ಗಂಟೆ ಸುಮ್ಮನಿಟ್ಟು, ಅದೇ 21 ವ್ಯಾಟ್ ಬಲ್ಬನ್ನು ಹಚ್ಚಿ ಗಡಿಯಾರ ನೋಡಿರಿ. ಬಲ್ಬು ಎಳೆಯುವುದು 1.75 ಆಂಪಿಯರ್, ಹೆಚ್ಚುಕಡಿಮೆ ಪಂಪಿನ ಮೋಟರಿನಷ್ಟೇ. ಬಲ್ಬು ಉರಿಯುತ್ತಿರುವಾಗಲೇ ವೋಲ್ಟ್ ಅಳೆಯುತ್ತ, 10.5 ಮುಟ್ಟಿದ ಕೂಡಲೇ ಬಲ್ಬು ತೆಗೆದು ಹೊತ್ತು ಬರೆದುಕೊಳ್ಳಿರಿ. ಹೊಸ 8 ಎಎಚ್ ಬ್ಯಾಟರಿ ಸುಮಾರು ಮೂರೂವರೆ ಗಂಟೆ ಉರಿಸುತ್ತದೆ. ನಿಮ್ಮದು ಒಂದು ಮುಕ್ಕಾಲು ಗಂಟೆ ಉರಿಸಿದರೆ ಅರ್ಧ ಸಾಮರ್ಥ್ಯ ಉಳಿದಿದೆ. ತಕ್ಷಣ ಮತ್ತೆ ಚಾರ್ಜಿಗೆ ಹಾಕಿರಿ, ಖಾಲಿ ಇಡಬೇಡಿರಿ. ಮೂರು ಸಲ ಹೀಗೆ ಮಾಡಿರಿ. ಸಲದಿಂದ ಸಲಕ್ಕೆ ಹೊತ್ತು ಹೆಚ್ಚುತ್ತಿದ್ದರೆ ಇನ್ನೊಂದೆರಡು ಸಲ ಮಾಡಬಹುದು. ಹೆಚ್ಚದಿದ್ದರೆ ಅಷ್ಟಕ್ಕೇ ನಿಲ್ಲಿಸಿರಿ, ಅದರಲ್ಲಿ ಇರುವುದೇ ಅಷ್ಟು.

ಒಣಗಿದ ಬ್ಯಾಟರಿಯ ವಿಷಯ. ಈ ಮುಚ್ಚಿದ ಬ್ಯಾಟರಿಗಳಲ್ಲಿ ಆ್ಯಸಿಡ್ ತುಳುಕುವುದಿಲ್ಲ, ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ. ಚಾರ್ಜರಿನಲ್ಲೇ ದಿನಗಟ್ಟಲೆ ಬಿಟ್ಟರೆ, ಬಿಸಿಲಲ್ಲಿ ಬೇಯಿಸಿದರೆ ನೀರಿನಂಶ ಆವಿಯಾಗಿ ಹೋಗುತ್ತದೆ. ಮೇಲಿನ ತೆಳು ಪಟ್ಟಿಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಜೋಪಾನವಾಗಿ ಎಬ್ಬಿಸಿದರೆ ಆರು ರಬ್ಬರ್ ಟೋಪಿ ಕಾಣುತ್ತವೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಟೋಪಿ ತೆಗೆದು ಒಳಗೆ ಟಾರ್ಚು ಬಿಟ್ಟು ನೋಡಿರಿ. ಹಾಸು ಬೆಳ್ಳಗೆ ಒಣಗಿ ಕಂಡರೆ ಸಿರಿಂಜಿನಿಂದ ಡಿಸ್ಟಿಲ್ಡ್ ವಾಟರ್ ಒಂದೊಂದು ಕೋಣೆಗೆ ಒಂದೆರಡು ಮಿಲಿಲೀಟರ್ ಬಿಡಿರಿ. ಅರ್ಧ ಗಂಟೆ ಕಾದು ಮತ್ತೆ ನೋಡಿರಿ. ಹಾಸು ಒದ್ದೆಯಾಗಿ ಮಿನುಗಬೇಕು, ಮೇಲೆ ನೀರು ನಿಲ್ಲಬಾರದು. ನಿಂತರೆ ಸಿರಿಂಜಿನಿಂದ ವಾಪಸ್ ಎಳೆಯಿರಿ. ಒಂದು ರಾತ್ರಿ ನೆನೆಯಲು ಬಿಟ್ಟು ಆಮೇಲೆ ಮೊದಲ ಹಂತಕ್ಕೆ ಹೋಗಿರಿ. ಆ ರಬ್ಬರ್ ಟೋಪಿಗಳು ಗ್ಯಾಸ್ ಹೊರಬಿಡುವ ವಾಲ್ವುಗಳು. ಅವನ್ನು ಫೆವಿಕ್ವಿಕ್ ಹಾಕಿ ಅಂಟಿಸಿದರೆ ಬ್ಯಾಟರಿ ಒಡೆಯುತ್ತದೆ. ಪಟ್ಟಿಯನ್ನು ವಾಪಸ್ ಇಟ್ಟು ಟೇಪು ಸುತ್ತಿದರೆ ಸಾಕು.

ಮನೆಯ ಇನ್ವರ್ಟರ್

ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ, ಅಂದರೆ ಆಗಾಗ ನೀರು ಹಾಕಬೇಕಾದ ಎತ್ತರದ ಬ್ಯಾಟರಿಯಲ್ಲಿ, ಒಂದು ಅನುಕೂಲವಿದೆ: ಒಳಗಿನ ಆ್ಯಸಿಡ್ ಕೈಗೆ ಸಿಗುತ್ತದೆ, ಅದರ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಒಂದೊಂದು ಕೋಣೆಯ ಕಥೆ ಕೇಳಬಹುದು. ನಮ್ಮ ದೇಶದ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಪೂರ್ತಿ ತುಂಬಿದಾಗ ಗ್ರ್ಯಾವಿಟಿ, ಅಂದರೆ ಆ ಸಾಂದ್ರತೆ, ಸಾಮಾನ್ಯವಾಗಿ 1.240, ಅಂಗಡಿಯವರು 1240 ಎನ್ನುತ್ತಾರೆ. ಈ ಸಂಖ್ಯೆ 27 ಡಿಗ್ರಿಗೆ. ಮೇಲಿನ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು. ಮೇ ತಿಂಗಳಲ್ಲಿ ಆ್ಯಸಿಡ್ 41 ಡಿಗ್ರಿ ಇದ್ದಾಗ 1.230 ಕಂಡರೆ ಅದು ನಿಜದಲ್ಲಿ 1.240. ಇದನ್ನು ತಿಳಿಯದೆ ಎಷ್ಟೋ ಒಳ್ಳೆಯ ಬ್ಯಾಟರಿಗೆ ಬೇಸಿಗೆಯಲ್ಲಿ ಆ್ಯಸಿಡ್ ಸುರಿಯುತ್ತಾರೆ.

ಆ್ಯಸಿಡ್ ಸುರಿಯುವುದರ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಗ್ರ್ಯಾವಿಟಿ ಇಳಿದಿದೆ ಎಂದರೆ ಸಲ್ಫೇಟ್ ಎಲ್ಲಿಗೂ ಓಡಿಹೋಗಿಲ್ಲ, ಪ್ಲೇಟಿನೊಳಗೆ ಕೂತಿದೆ. ಅದನ್ನು ಚಾರ್ಜ್ ಮಾಡಿ ಹೊರಗೆ ತರಬೇಕು. ಹೊರಗಿನಿಂದ ಹೊಸ ಆ್ಯಸಿಡ್ ಹಾಕಿದರೆ ಹೈಡ್ರೋಮೀಟರ್ ಚೆನ್ನಾಗಿ ತೋರಿಸುತ್ತದೆ, ಬ್ಯಾಕಪ್ ಒಂದು ನಿಮಿಷವೂ ಹೆಚ್ಚುವುದಿಲ್ಲ, ಗಡುಸು ಆ್ಯಸಿಡ್‌ಗೆ ಪ್ಲೇಟುಗಳು ಬೇಗ ಸವೆಯುತ್ತವೆ. ಎಪ್ಸಮ್ ಸಾಲ್ಟ್ ಹಾಕುವುದೂ ಹೀಗೆಯೇ, ಗ್ರ್ಯಾವಿಟಿ ಏರುವುದು ಉಪ್ಪಿನ ತೂಕದಿಂದ. ಆ್ಯಸಿಡ್ ಹಾಕುವ ಒಂದೇ ಸಂದರ್ಭ ಬ್ಯಾಟರಿ ಮಗುಚಿ ಆ್ಯಸಿಡ್ ಚೆಲ್ಲಿದ್ದು.

ನೀರು ಮಾತ್ರ ಡಿಸ್ಟಿಲ್ಡ್ ಇರಲಿ. ಆರ್‌ಓ ಕ್ಯಾನಿನ ನೀರು ಕುಡಿಯಲು ಸರಿ, ಬ್ಯಾಟರಿಗೆ ಸರಿಯಲ್ಲ. ಅದರಲ್ಲಿ ಉಳಿದಿರುವ ಲವಣ, ಕ್ಲೋರೈಡ್ ಪ್ರತಿ ಸಲ ಹಾಕಿದಾಗಲೂ ಒಳಗೇ ಸೇರುತ್ತ ಹೋಗುತ್ತದೆ, ಯಾಕೆಂದರೆ ಆವಿಯಾಗುವುದು ನೀರು ಮಾತ್ರ. ಬೋರಿನ ಗಡಸು ನೀರಂತೂ ಹತ್ತಿರಕ್ಕೂ ಬೇಡ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಎರಡು ತಿಂಗಳಿಗೊಮ್ಮೆ ನೀರಿನ ಮಟ್ಟ ತೋರಿಸುವ ತೇಲುಬುರುಡೆ ನೋಡಿರಿ. ಚಾರ್ಜ್ ಪೂರ್ತಿಯಾದ ಮೇಲೆ ನೀರು ತುಂಬಿರಿ. ಖಾಲಿ ಇದ್ದಾಗ ಅಂಚಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಆ್ಯಸಿಡ್ ಉಕ್ಕಿ ಮೇಲೆ ಚೆಲ್ಲುತ್ತದೆ. ಪ್ಲೇಟುಗಳೇ ತೆರೆದುಕೊಂಡಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ತುಂಬಿರಿ.

ಆರು ಕೋಣೆಗಳ ನಡುವೆ ಗ್ರ್ಯಾವಿಟಿ 30 ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಅಂದರೆ ಒಂದರಲ್ಲಿ 1240, ಇನ್ನೊಂದರಲ್ಲಿ 1205 ಇದ್ದರೆ, ಎಲ್ಲ ಕೋಣೆಗಳನ್ನು ಸಮ ಮಾಡುವ ಈಕ್ವಲೈಸ್ ಚಾರ್ಜ್ ಬೇಕು. 150 ಎಎಚ್ ಬ್ಯಾಟರಿಗೆ 5-7 ಆಂಪಿಯರ್ ಕರೆಂಟಿನಲ್ಲಿ 15.5 ವೋಲ್ಟಿನವರೆಗೆ ಏರಿಸಿ, ಗಂಟೆಗೊಮ್ಮೆ ಗ್ರ್ಯಾವಿಟಿ ಬರೆದುಕೊಳ್ಳುತ್ತ, ಸತತ ಮೂರು ಸಲ ಅದೇ ಸಂಖ್ಯೆ ಬರುವವರೆಗೆ ಮಾಡುವುದು. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಇಷ್ಟು ಏರುವುದಿಲ್ಲ, ಬ್ಯಾಟರಿ ಅಂಗಡಿಯ ಚಾರ್ಜರಿನಲ್ಲಿ ಮಾಡಿಸಬೇಕು. ಮಾಡುವ ಹೊತ್ತಿನಲ್ಲಿ ಹೈಡ್ರೋಜನ್ ಬಹಳ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಕಿಡಿಗೆ ಸಿಡಿಯುತ್ತದೆ. ದೇವರ ದೀಪ, ಬೀಡಿ, ಸಡಿಲ ಕ್ಲಾಂಪು ಯಾವುದೂ ಹತ್ತಿರ ಇರಬಾರದು. ಇಷ್ಟೆಲ್ಲ ಮಾಡಿಯೂ ಒಂದು ಕೋಣೆ 50 ಪಾಯಿಂಟ್ ಹಿಂದೆಯೇ ಉಳಿದರೆ ಆ ಕೋಣೆ ಹೋಗಿದೆ.

ಇನ್ವರ್ಟರಿನ ಹಿಂದೆ ಟ್ಯೂಬ್ಯುಲರ್, ಎಸ್‌ಎಂಎಫ್ ಎಂದು ಬರೆದ ಒಂದು ಸ್ವಿಚ್ ಇರುತ್ತದೆ, ಒಮ್ಮೆ ಹೋಗಿ ನೋಡಿರಿ. ಎಸ್‌ಎಂಎಫ್ ಅಂದರೆ ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿ. ಟ್ಯೂಬ್ಯುಲರ್ ಬ್ಯಾಟರಿ ಇದ್ದು ಸ್ವಿಚ್ ಎಸ್‌ಎಂಎಫ್ ಕಡೆ ಇದ್ದರೆ ಚಾರ್ಜಿನ ವೋಲ್ಟ್ ಕಡಿಮೆಯಾಗಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ, ವರ್ಷದೊಳಗೆ ಹರಳುಗಟ್ಟುತ್ತದೆ. ಕರೆಂಟು ಅಪರೂಪಕ್ಕೆ ಹೋಗುವ ಬಡಾವಣೆಯಲ್ಲಿದ್ದರೆ ತಿಂಗಳಿಗೊಮ್ಮೆ ಮೇನ್ ತೆಗೆದು ಒಂದೆರಡು ಗಂಟೆ ಇನ್ವರ್ಟರಿನಲ್ಲೇ ಫ್ಯಾನು ಓಡಿಸಿರಿ. ಸುಮ್ಮನೆ ನಿಂತ ಎತ್ತರದ ಬ್ಯಾಟರಿಯಲ್ಲಿ ಭಾರದ ಆ್ಯಸಿಡ್ ತಳಕ್ಕೆ ಇಳಿದು ಮೇಲೆ ತೆಳುವಾಗುತ್ತದೆ. ಖಾಲಿಯಾಗಿ ಮತ್ತೆ ತುಂಬುವಾಗ ಏಳುವ ಗುಳ್ಳೆಗಳು ಅದನ್ನು ಕಲಸುತ್ತವೆ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮುಚ್ಚಳಗಳು ಬಿಗಿಯಾಗಿವೆಯೇ ನೋಡಿಕೊಂಡು, ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೆ ಬ್ರಷ್ಷಿನಿಂದ ತಿಕ್ಕಿರಿ. ಸೋಡಾ ಒಂದು ಹನಿಯೂ ಕೋಣೆಯೊಳಗೆ ಹೋಗಬಾರದು. ಒರೆಸಿ, ಬಿಗಿ ಮಾಡಿ, ಆಮೇಲೆ ವ್ಯಾಸಲೀನ್.

ಬ್ಯಾಟರಿಯನ್ನು ನೆಲದ ಮೇಲೆ ಇಟ್ಟರೆ ಚಾರ್ಜ್ ನೆಲಕ್ಕಿಳಿಯುತ್ತದೆ, ಹಲಗೆ ಹಾಕಬೇಕು ಎಂದು ಹಿರಿಯರು ಹೇಳುತ್ತಾರೆ. ಮರದ ಪೆಟ್ಟಿಗೆಯ ಬ್ಯಾಟರಿಗಳಿದ್ದ ಕಾಲದಲ್ಲಿ ಅದು ಸರಿಯಾಗಿತ್ತು, ಒದ್ದೆಯಾದ ಮರದ ಮೂಲಕ ಸೋರುತ್ತಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ನೆಲಕ್ಕೆ ಏನೂ ಇಳಿಯುವುದಿಲ್ಲ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಬ್ಯಾಟರಿಗೆ ಬಹಳ ಒಳ್ಳೆಯ ಜಾಗ, ಮನೆಯಲ್ಲಿ ಅದಕ್ಕಿಂತ ತಂಪಾದದ್ದು ಯಾವುದಿದೆ? ಬ್ಯಾಟರಿಯ ಬಿಸಿ ಎಂಟು-ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ವೃತ್ತಿಯವರೆಲ್ಲ ಒಪ್ಪುವ ಲೆಕ್ಕ. ಮಾಳಿಗೆಯ ಮೇಲಿನ ಬಿಸಿ ಕೋಣೆಯಿಂದ ಕೆಳಗಿನ ನೆಲಕ್ಕೆ ಇಳಿಸಿದರೆ ಅಷ್ಟು ಉಳಿತಾಯ.

ಚಾರ್ಜ್ ಮಾಡುವ ಟಾರ್ಚು, ಎಮರ್ಜೆನ್ಸಿ ದೀಪಗಳಲ್ಲಿ 4 ವೋಲ್ಟಿನ ಸಣ್ಣ ಸೀಸದ ಬ್ಯಾಟರಿ ಇರುತ್ತದೆ. ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ. ಎರಡು ಮಾತು ನೆನಪಿಡಿರಿ. ಪ್ಲಗ್ಗಿನಲ್ಲಿರುವಾಗ ಅದನ್ನು ಬಿಚ್ಚಬೇಡಿರಿ, ಒಳಗಿನ ಪ್ರತಿ ತಂತಿಯೂ ಮೇನ್ಸ್. ತುಂಬಿದರೂ ತಾನಾಗಿ ನಿಲ್ಲುವುದಿಲ್ಲ, ಡಬ್ಬಿಯ ಮೇಲೆ ಬರೆದಷ್ಟು ಗಂಟೆಯಾದ ಮೇಲೆ ನೀವೇ ಕೀಳಬೇಕು.

ಪೆನ್ಸಿಲ್ ಸೆಲ್

ಬಿಪಿ ಮಷೀನು, ಮಕ್ಕಳ ಆಟಿಕೆ, ಕ್ಯಾಮೆರಾ ಫ್ಲಾಶ್‌ಗೆ ಹಾಕುವ ಚಾರ್ಜೆಬಲ್ ಪೆನ್ಸಿಲ್ ಸೆಲ್ಲುಗಳು ನಿಕಲ್-ಮೆಟಲ್ ಹೈಡ್ರೈಡ್ ಜಾತಿಯವು, 1.2 ವೋಲ್ಟ್. ಕೊಳ್ಳುವಾಗಲೇ ಎಚ್ಚರ ಬೇಕು. ಎಎ ಗಾತ್ರದ ಸೆಲ್ಲಿನ ಮೇಲೆ 3000ಕ್ಕಿಂತ ಹೆಚ್ಚು ಎಂಎಎಚ್ (ಸಾವಿರ ಎಂಎಎಚ್ ಅಂದರೆ ಒಂದು ಎಎಚ್) ಎಂದು ಅಚ್ಚಾಗಿದ್ದರೆ ನಂಬಬೇಡಿರಿ, ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿರಿ. ಒಳ್ಳೆಯ ಎಎ ಸೆಲ್ 26ರಿಂದ 31 ಗ್ರಾಂ ಬರುತ್ತದೆ. 15-18 ಗ್ರಾಂ ಬಂದರೆ ಒಳಗೆ ಹೆಚ್ಚೇನೂ ಇಲ್ಲ.

ಜೊತೆಗೆ ಕೊಡುವ ಅಗ್ಗದ ಚಾರ್ಜರುಗಳು ಎರಡೆರಡು ಸೆಲ್ಲನ್ನು ಸರಣಿಯಲ್ಲಿ ಚಾರ್ಜ್ ಮಾಡುತ್ತವೆ, ತುಂಬಿದೆಯೋ ಇಲ್ಲವೋ ನೋಡುವುದಿಲ್ಲ. ಇಂಥದ್ದನ್ನು ಬಳಸುವಾಗ ಲೆಕ್ಕ ಹಾಕಿರಿ: ಸೆಲ್ಲಿನ ಎಂಎಎಚ್ ಅನ್ನು ಚಾರ್ಜರಿನ ಮಿಲಿಆಂಪಿಯರಿನಿಂದ ಭಾಗಿಸಿ ಒಂದೂವರೆಯಿಂದ ಗುಣಿಸಿರಿ. 2000ದ ಸೆಲ್, 200ರ ಚಾರ್ಜರ್ ಆದರೆ 15 ಗಂಟೆ. ಇದು ಖಾಲಿ ಸೆಲ್ಲಿಗೆ ಮಾತ್ರ. ಅರ್ಧ ಬಳಸಿದ ಸೆಲ್ಲನ್ನು ಅಷ್ಟೇ ಹೊತ್ತು ಇಟ್ಟರೆ ಬೆಂದುಹೋಗುತ್ತದೆ. ಪ್ರತಿ ಸೆಲ್ಲನ್ನೂ ಬೇರೆಬೇರೆ ನೋಡುವ ಚಾರ್ಜರಿಗೆ ಒಮ್ಮೆ ಹೆಚ್ಚು ಹಣ ಕೊಟ್ಟರೂ ಅದೇ ಲಾಭ. ತುಂಬಿದ ಸೆಲ್ಲಿನ ವೋಲ್ಟ್ ಕೆಲವು ಮಿಲಿವೋಲ್ಟ್ ಕೆಳಗಿಳಿಯುವುದನ್ನು ಹಿಡಿದು ಅದು ತಾನೇ ನಿಲ್ಲುತ್ತದೆ. ಇವೂ ಬೇಸಿಗೆಯ ನಡುಹಗಲಲ್ಲಿ ಸರಿಯಾಗಿ ತುಂಬುವುದಿಲ್ಲ. ರಾತ್ರಿ, ತಂಪು ನೆಲದ ಮೇಲಿಟ್ಟು ಚಾರ್ಜ್ ಮಾಡಿರಿ.

ತಿಂಗಳುಗಟ್ಟಲೆ ಬಿದ್ದ ಸೆಲ್ಲನ್ನು ಒಳ್ಳೆಯ ಚಾರ್ಜರ್ ಒಪ್ಪದಿದ್ದರೆ, ಹತ್ತು ನಿಮಿಷ ಆ ಅಗ್ಗದ ಚಾರ್ಜರಿನಲ್ಲೇ ಇಡಿರಿ. 1 ವೋಲ್ಟ್ ದಾಟಿದ ಮೇಲೆ ಒಳ್ಳೆಯದರಲ್ಲಿ ಹಾಕಿದರೆ ಒಪ್ಪುತ್ತದೆ. ಆಮೇಲೆ ಸಾಮರ್ಥ್ಯ ಅಳೆಯಲು 3.3 ಓಮ್, 2 ವ್ಯಾಟಿನ ರೆಸಿಸ್ಟರನ್ನು ಒಂದೇ ಸೆಲ್ಲಿಗೆ ಹಚ್ಚಿರಿ, ಅದು 0.36 ಆಂಪಿಯರ್ ಎಳೆಯುತ್ತದೆ. 1.0 ವೋಲ್ಟಿಗೆ ಇಳಿಯುವವರೆಗೆ ಎಷ್ಟು ಗಂಟೆ ಹಿಡಿಯಿತೋ ಅದನ್ನು 360ರಿಂದ ಗುಣಿಸಿರಿ, ಅದೇ ಎಂಎಎಚ್. ಒಳ್ಳೆಯ 2000ದ ಸೆಲ್ ಐದೂವರೆ ಗಂಟೆ ಬರುತ್ತದೆ. ಖಾಲಿ ಮಾಡಿ ತುಂಬುವುದನ್ನು ಮೂರ್ನಾಲ್ಕು ಸಲ ಮಾಡಿದರೆ ಸುಮ್ಮನೆ ಬಿದ್ದು ಮಂಕಾಗಿದ್ದ ಸೆಲ್ಲುಗಳು ಬಹಳಷ್ಟು ಚೇತರಿಸುತ್ತವೆ. ಬಿಪಿ ಮಷೀನಿಗೆ ನಾಲ್ಕು ಸೆಲ್ ಹಾಕುವಾಗ ಒಂದೇ ಅಳತೆ ಬಂದ ನಾಲ್ಕನ್ನೇ ಹಾಕಿರಿ. ಒಂದು ದುರ್ಬಲವಾಗಿದ್ದರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದನ್ನು ಉಲ್ಟಾ ತಳ್ಳಿ ಕೊಲ್ಲುತ್ತವೆ. ಸೆಲ್ಲುಗಳ ಮೇಲೆ ಮಾರ್ಕರಿನಿಂದ ಗುಂಪಿನ ಗುರುತು ಹಾಕಿಡಿರಿ.

ಲಿಥಿಯಂ ಬ್ಯಾಟರಿಯ ವಿಷಯಕ್ಕೆ ನನ್ನ ಸಲಹೆ ಚಿಕ್ಕದು. ಎಬ್ಬಿಸಲು ಹೋಗಬೇಡಿರಿ. ಮೊಬೈಲು, ಪವರ್ ಬ್ಯಾಂಕಿನಲ್ಲಿರುವ ಜಾತಿಯ ಸೆಲ್ 2.5 ವೋಲ್ಟಿಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ ಬೇರೆ ಕಡೆ ಕೂತಿರಬಹುದು. ಚಾರ್ಜ್ ಆಗುತ್ತದೆ, ಆಮೇಲೆ ಒಂದು ದಿನ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಉಬ್ಬಿದ್ದನ್ನು ಒತ್ತಬೇಡಿರಿ, ಚುಚ್ಚಬೇಡಿರಿ. ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡಿರಿ. ಸೀಸದ ಬ್ಯಾಟರಿಗೆ ಇದು ಪೂರ್ತಿ ಉಲ್ಟಾ, ಅದನ್ನು ತುಂಬಿಯೇ ಇಡಬೇಕು.

ಕೊನೆಗೆ ಗುಜರಿಗೆ ಹಾಕುವ ಮಾತು. ಸೀಸದ ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆದು ಸೀಸ ಕರಗಿಸುವುದು ಮಕ್ಕಳ ಮಿದುಳಿಗೆ ವಿಷ. ಅದರ ಆ್ಯಸಿಡ್ಡನ್ನು ಚರಂಡಿಗೆ ಚೆಲ್ಲಬೇಡಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಬ್ಯಾಟರಿ ತಯಾರಕರ ಮೇಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟರೆ ತೂಕದ ಲೆಕ್ಕದಲ್ಲಿ ಬೆಲೆ ಕಡಿಮೆ ಮಾಡುತ್ತಾರೆ.

ಈ ವರ್ಷ ತೊಗರಿಯ ಕೊನೆಯ ಎಣ್ಣೆ ಹೊಡೆದ ದಿನ ರಾತ್ರಿಯೇ ಪಂಪಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿರಿ. ವೈರು ಬಿಚ್ಚಿ, ಬ್ಯಾಟರಿಯನ್ನು ಹೊರತೆಗೆದು, ಮನೆಯೊಳಗೆ ತಂಪಾದ ಮೂಲೆಯಲ್ಲಿ ಇಡಿರಿ. ಮೇಲೆ ಒಂದು ಟೇಪು ಅಂಟಿಸಿ ದಿನಾಂಕ ಮತ್ತು ವೋಲ್ಟ್ ಬರೆಯಿರಿ. ಫೆಬ್ರವರಿ ಕೊನೆಗೆ ಒಮ್ಮೆ, ಆಮೇಲೆ ಮಾರ್ಚಿನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಅಳೆದು, 12.5ಕ್ಕಿಂತ ಕೆಳಗಿದ್ದರೆ ಆ ರಾತ್ರಿ ಚಾರ್ಜಿಗೆ ಹಾಕಿ, ಹೊಸ ದಿನಾಂಕ ಬರೆಯಿರಿ.